ಚಿತ್ರ ಪರರದು, ಅಕ್ಷರ ನಮ್ಮದು

ಊರಿಗೆ ಬಂದ ಯಂತ್ರ ಗುಜರಿಗೆ ಬಾರದಿರುತ್ತದೆಯೇ? ಗಾದೆ ಹೀಗಿಲ್ಲ, ಗೊತ್ತು. ನೀರಿಗೆ ಹೊರಟಿದ್ದವಳನ್ನು ನಾನು ಗುಜರಿಯತ್ತ ತಿರುಗಿಸಿದ್ದೇನೆ. ಗಾದೆ ಕೆಡಿಸಿದವನು ಕಥೆಯನ್ನೂ ಕೆಡಿಸುತ್ತಾನೆ ಎಂದು ಹೆದರಬೇಡಿ. ಗಾದೆ ಸುಳ್ಳಾದರೂ ಕಥೆ ಸುಳ್ಳಾಗದು. ಇದು ನಡೆದದ್ದು, ನಡೆದ ಹಾಗೆಯೇ ಹೇಳುತ್ತೇನೆ.

ನಾನು ಒಂದು ಕಂಪ್ಯೂಟರು. ಆ ಹೆಸರು ಕೇಳಿ ಎದ್ದು ನಿಲ್ಲಬೇಡಿ, ಕೂತೇ ಕೇಳಿ. ನಿಮ್ಮ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಹಿಡಿಸುವಷ್ಟು ಜಾಗವೂ ನನ್ನ ನೆನಪಿನಲ್ಲಿಲ್ಲ. ತಲೆ, ಹೊಟ್ಟೆ, ಬೆನ್ನು ಎಲ್ಲ ಸೇರಿ ನಾನೆಂದರೆ ಒಂದು ದಪ್ಪ ಕೀಲಿಮಣೆ, ಅಷ್ಟೆ. ಬಲಗಡೆಯ ಪಕ್ಕೆಯಲ್ಲಿ ಫ್ಲಾಪಿ ನುಂಗುವ ಬಾಯಿ. ಮುಖವೇ ಇಲ್ಲ. ಯಾರ ಮನೆಗೆ ಹೋದರೆ ಆ ಮನೆಯ ಟಿವಿಯೇ ನನ್ನ ಮುಖ. ಹುಟ್ಟಿನಿಂದಲೇ ನಾನು ಪರಮುಖಾಪೇಕ್ಷಿ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ, ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ. ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಕೀಲಿಗಳನ್ನು ಒಂದೊಂದಾಗಿ ಒತ್ತಿ ನೋಡಿ, ಹೂಂ ಎಂದು ತಲೆಯಾಡಿಸಿ, ಪೆಟ್ಟಿಗೆಯೊಳಗೆ ಮಲಗಿಸಿದಳು. ಪೆಟ್ಟಿಗೆಯ ಮೇಲೆ ನಗುವ ಮಗುವಿನ ಚಿತ್ರವಿತ್ತು. ಮಕ್ಕಳನ್ನು ಆಡಿಸುವುದಕ್ಕೆಂದೇ ನನ್ನನ್ನು ಮಾಡಿದ್ದರು. ರೈಲಿನ ಕೂಗು, ಕುದುರೆಯ ಓಟ, ಬಾಂಬಿನ ಸದ್ದು, ಎಲ್ಲವನ್ನೂ ಅಣಕಿಸುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿತ್ತು. ಅಳುವನ್ನು ಅಣಕಿಸಲು ಮಾತ್ರ ಯಾರೂ ಕಲಿಸಿರಲಿಲ್ಲ.

ಹಡಗಿನಲ್ಲಿ ಇಂಜಿನಿಯರಾಗಿದ್ದ ಸಾಂಬ್ರೇಕರ ಎಂಬವರು ನನ್ನನ್ನು ಬೆಳಗಾವಿಗೆ ತಂದರು. ಅವರ ಮಗಳು ವಸುಧಾಳಿಗೆ ಆಗ ಹನ್ನೊಂದು ವರ್ಷ. ಅವಳು ನನ್ನಿಂದ ಮಾಡಿಸಿದ ಮೊದಲ ಕೆಲಸವೆಂದರೆ ಅವಳದೇ ಹೆಸರನ್ನು ಬರೆಸಿದ್ದು. ಬರೆ ಎಂದಳು, ನಿಲ್ಲಿಸು ಎನ್ನಲಿಲ್ಲ. ಟಿವಿ ತುಂಬ ಅವಳ ಹೆಸರು ಇಂಗ್ಲಿಷಿನಲ್ಲಿ ಮೇಲಿಂದ ಮೇಲೆ ಹರಿಯತೊಡಗಿತು. ವಾರ್ತೆ ನೋಡಲು ಬಂದ ಅವಳ ಅಜ್ಜಿ ಬೆಚ್ಚಿಬಿದ್ದರು.

“ಏ ವಸೂ, ಟೀವಿಗೆ ಏನಾಗ್ಯದ? ಏನೋ ಒಂದೇ ಸಮ ಬರ್ಲಿಕ್ಕತ್ತದಲ್ಲ!”

“ನಾನs ಬರ್ಲಿಕ್ಕತ್ತೀನಿ ಅಜ್ಜಿ, ಟೀವ್ಯಾಗ!”

ಟಿವಿಯಲ್ಲಿ ಹೆಸರು ಬಂದರೆ ಮನುಷ್ಯನ ಮುಖ ಹೇಗೆ ಅರಳುತ್ತದೆ ಎನ್ನುವುದನ್ನು ನಾನು ಮೊದಲು ಕಂಡದ್ದು ಅಲ್ಲಿ. ನಾಲ್ಕು ವರ್ಷ ಸುಖವಾಗಿ ಕಳೆದವು. ಆಮೇಲೆ ಅವಳಿಗೆ ಓದು ಹೆಚ್ಚಾಯಿತು, ನನಗೆ ಧೂಳು ಹೆಚ್ಚಾಯಿತು. ಆಟಕ್ಕೂ ಅಟ್ಟಕ್ಕೂ ಒಂದು ದೀರ್ಘ, ಒಂದು ಒತ್ತಕ್ಷರದ ದೂರ.

ಅಟ್ಟದಿಂದ ನನ್ನನ್ನು ಇಳಿಸಿದವರು ಮುರಿಗೆಪ್ಪ ಹೊಂಬಳ. ತುಂಗಭದ್ರೆಯ ಈಚೆಗಿನ, ಹತ್ತಿ ಮಾರುಕಟ್ಟೆಯ ಒಂದು ಊರಿನಲ್ಲಿ ಅವರಿಗೆ ಮದುವೆಯ ವಿಡಿಯೋ ಮಾಡುವ ಸ್ಟುಡಿಯೋ ಇತ್ತು. ಊರಿಗೆಲ್ಲ ಅವರು ಸಾಹುಕಾರರು. ಆ ಕಾಲದ ದೊಡ್ಡ ಕಂಪ್ಯೂಟರುಗಳಿಗೆ ಟಿವಿಯ ತಾಳ ಹಿಡಿಯಲು ಬರುತ್ತಿರಲಿಲ್ಲ. ನಾನು ಟಿವಿಗಾಗಿಯೇ ಹುಟ್ಟಿದವನಾದ್ದರಿಂದ ಆ ತಾಳ ನನ್ನ ರಕ್ತದಲ್ಲೇ ಇತ್ತು. ಹೀಗಾಗಿ ಎಲ್ಲೆಲ್ಲಿಂದಲೋ ನಮ್ಮಂಥ ಆಟದ ಕಂಪ್ಯೂಟರುಗಳನ್ನು ಹುಡುಕಿ ತಂದು ಮದುವೆ ಕೆಲಸಕ್ಕೆ ಹಚ್ಚುತ್ತಿದ್ದರು.

ಅಲ್ಲಿ ನನ್ನ ಬೆನ್ನಿಗೆ ಒಂದು ಡಬ್ಬಿ ಕಟ್ಟಿದರು. ಅದರ ಹೆಸರು ಜೆನ್‌ಲಾಕ್. ಒಂದು ಕಡೆಯಿಂದ ವಿಡಿಯೋ ಚಿತ್ರ ಒಳಗೆ ಬರುತ್ತದೆ. ಡಬ್ಬಿ ಆ ಚಿತ್ರದ ತಾಳಕ್ಕೆ ನನ್ನ ತಾಳ ಕೂಡಿಸುತ್ತದೆ. ನಾನು ಹಿನ್ನೆಲೆಗೆಂದು ಬಳಿದ ಬಣ್ಣವೆಲ್ಲ ಮಾಯವಾಗುತ್ತದೆ. ಅಲ್ಲಿ ಪರರ ಮದುವೆ ಕಾಣುತ್ತದೆ. ನನ್ನದಾಗಿ ಉಳಿಯುವುದು ಅಕ್ಷರ ಮಾತ್ರ.

ಆದರೆ ನನಗೆ ಕನ್ನಡವೇ ಬರುತ್ತಿರಲಿಲ್ಲ. ಅದನ್ನು ಕಲಿಸಲು ಸಾಹುಕಾರರು ಮೌನೇಶಪ್ಪ ಬಡಿಗೇರನನ್ನು ಕರೆತಂದರು. ಅವನು ಬೋರ್ಡ್ ಬರೆಯುವವನು. ಊರಿನ ಅಡತಿ ಅಂಗಡಿ, ಹಿಟ್ಟಿನ ಗಿರಣಿ, ಲಾರಿಗಳ ಬೆನ್ನು, ನಾಟಕದ ಪರದೆ ಎಲ್ಲದರ ಮೇಲೂ ಅವನ ಕುಂಚ ಓಡಾಡಿತ್ತು. ಮೊದಲ ದಿನ ಮೌಸನ್ನು ಮುಟ್ಟಲು ಹೆದರಿದ. “ಇದೇನ್ರಿ ಸಾಹುಕಾರ್ರ, ಬಣ್ಣ ಅದ್ದೂದು ಎಲ್ಲಿ?” ಎಂದು ಕೇಳಿದ. ಜೆನ್‌ಲಾಕನ್ನು ಕೊನೆಯವರೆಗೂ ‘ಜನಲೋಕ’ ಎಂದೇ ಕರೆದ. ತಪ್ಪೇನಿಲ್ಲ, ಅದರೊಳಗಿಂದ ಬರುತ್ತಿದ್ದದ್ದು ಜನಲೋಕವೇ ತಾನೆ.

ಅವನು ನನ್ನ ಪರದೆಯ ಮೇಲೆ ಚುಕ್ಕೆಗೆ ಚುಕ್ಕೆ ಸೇರಿಸಿ ಕನ್ನಡ ಬರೆದ. ‘ಅ’ಕ್ಕೆ ಅರ್ಧ ದಿನ ಹಿಡಿಯಿತು. ‘ಶ್ರೀ’ಗೆ ಎರಡು ದಿನ. ಪ್ರತಿ ಅಕ್ಷರದ ಎಡಕ್ಕೆ ಒಂದು ತೆಳು ನೆರಳು. ಬರೆದದ್ದನ್ನು ನೋಡಲು, ಗೋಡೆಯ ಬೋರ್ಡು ನೋಡುವವನ ಹಾಗೆ, ಒಂದು ಕಣ್ಣು ಮುಚ್ಚಿ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಆ ಕೋಣೆಯಲ್ಲಿ ಹಿಂದೆ ಇದ್ದದ್ದು ಎರಡೂವರೆ ಹೆಜ್ಜೆ. ಹಾಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಲ ಅವನ ತಲೆ ಗೋಡೆಗೆ ತಾಗುತ್ತಿತ್ತು. ಎರಡು ತಿಂಗಳಲ್ಲಿ ಒತ್ತಕ್ಷರಗಳೂ ಸೇರಿ ಕನ್ನಡವೆಲ್ಲ ಮೂರು ಫ್ಲಾಪಿಗಳಲ್ಲಿ ಕೂತಿತು, ಅವನ ಹಿಂದಲೆಯಲ್ಲಿ ಒಂದು ಬುಗುಟೂ ಕೂತಿತು.

ಮದುವೆಗಳು ಬಂದವು. ಹಸೆಮಣೆಯ ಮೇಲೆ ಅವರು, ಕೀಲಿಮಣೆಯ ಮೇಲೆ ಇವನು. ಶುಭವಿವಾಹ ಎಂದು ಬರೆದೆವು, ಬೀಗರ ಹೆಸರು ಬರೆದೆವು, ಹಾರ ಬೀಳುವ ಹೊತ್ತಿಗೆ ಸರಿಯಾಗಿ ಹೆಸರುಗಳನ್ನು ಮೂಲೆಗೆ ಸರಿಸಿದೆವು. ನಂತರ ಸಾಹುಕಾರರು ಊರಿಗೆ ಕೇಬಲ್ ಹಾಕಿದರು. ಆಗಿನಿಂದ ಸಿನೆಮಾದ ಕೆಳಗೆ ಓಡುವ ಸಾಲು ನಮ್ಮದಾಯಿತು. ಕಳೆದ ಎಮ್ಮೆ, ನೀರು ಬಿಡುವ ಹೊತ್ತು, ಸೀರೆಯ ರಿಯಾಯಿತಿ, ನಿಧನದ ಸುದ್ದಿ. ಎಂಟು ವರ್ಷ ಓಡಿಸಿದೆವು. ಬೆಳ್ಳಗಿದ್ದ ನನ್ನ ಮೈ ಹಳದಿಯಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಸರಿ, ಹಳದಿಯಾದದ್ದೂ ಹೊನ್ನಲ್ಲ.

ಮೌನೇಶನಿಗೆ ಇದ್ದದ್ದು ಒಂದೇ ಹಸಿವು. ಎದುರು ಬಂದವರಿಗೆಲ್ಲ “ಓದಿದ್ರೇನು?” ಎಂದು ಕೇಳುತ್ತಿದ್ದ. ಚಹಾ ತರುವ ಈರಯ್ಯನನ್ನೂ ಬಿಡುತ್ತಿರಲಿಲ್ಲ.

“ನಿನ್ನೆ ಪಿಚ್ಚರ್ ಕೆಳಗ ಓಡ್ತಿತ್ತಲ್ಲ, ಸೀರಿ ಅಂಗಡೀದು. ಆ ‘ಷ್ಟ’ ಹೆಂಗಿತ್ತು?”

“ಹೀರೋಯಿನ್ ಅಳಾಕತ್ತಿದ್ಲು ಮೌನೇಶಣ್ಣ. ಅಕಿ ಬಿಟ್ಟು ನಿನ್ನ ‘ಷ್ಟ’ ಎಲ್ಲಿ ನೋಡ್ಲಿ?”

ಅಕ್ಷರವನ್ನೇ ನೋಡುತ್ತ ಕೂರುತ್ತಿದ್ದವಳು ಊರಿನಲ್ಲಿ ಒಬ್ಬಳೇ, ಅವನ ಹೆಂಡತಿ ಕಾಳಮ್ಮ. ಅವಳಿಗೆ ಓದಲು ಬರುತ್ತಿರಲಿಲ್ಲ.

ಒಂದು ಬೇಸಿಗೆಯ ಆರಂಭದಲ್ಲಿ ಸ್ಟುಡಿಯೋಗೆ ಹೊಸ ಕಂಪ್ಯೂಟರು ಬಂತು. ಕನ್ನಡ ಅದರ ಹೊಟ್ಟೆಯಲ್ಲೇ ಇತ್ತು. ಟೈಪು ಮಾಡಿದರೆ ಸಾಕು, ಅಕ್ಷರ ಸಿದ್ಧ. ಸಾಹುಕಾರರು ಮೂಗಿಗೆ ನಶ್ಯ ಏರಿಸಿ ಹೇಳಿದರು.

“ಮೌನೇಶಾ, ನೀ ಒಂದು ಸಾಲು ಕೂಡ್ಸೂದ್ರಾಗ ಇದು ಒಂದು ಪುರಾಣ ಬರದು ಒಗಿತೈತಿ. ಹೋಳಿ ಮುಗೀಲಿ, ಆಮ್ಯಾಗ ಈ ಹಳೇ ಡಬ್ಬಿ ತಗದು ಬಿಡೂಣು.”

“ನಾನು?”

ಸಾಹುಕಾರರು ಸೀನಿದರು.

ಮೌನೇಶನಿಗೆ ಕುಂಚಕ್ಕೆ ಮರಳುವ ದಾರಿಯೂ ಇರಲಿಲ್ಲ. ಅವನು ಇಲ್ಲಿ ಚುಕ್ಕೆ ಕೂಡಿಸುತ್ತಿದ್ದ ವರ್ಷಗಳಲ್ಲಿ ಊರಿನ ಬೋರ್ಡುಗಳೆಲ್ಲ ಪ್ಲಾಸ್ಟಿಕ್ ಬ್ಯಾನರುಗಳಾಗಿದ್ದವು. ಐವತ್ತು ದಾಟಿದವನು ಟೈಪಿಂಗ್ ಕಲಿಯಲು ಕೂತರೆ ಬೆರಳು ಕೇಳಲಿಲ್ಲ. ಅವನ ಹತ್ತಿರ ಉಳಿದದ್ದು ಒಂದೇ ಮಾತು. ಅದನ್ನು ಕೈ ಮುಗಿದು ಹೇಳಿದ.

“ಮಂದಿ ನನ್ನ ಅಕ್ಷರ ಓದ್ತಾರ್ರೀ ಸಾಹುಕಾರ್ರ. ಗುರ್ತು ಹಿಡೀತಾರ.”

“ಯಾರಲೇ ಓದ್ತಾರ? ನಿನ್ನ ಅಕ್ಷರ ಓದಿ ಒಬ್ಬ ಮನಷ್ಯಾ ಎದ್ದು ಬಂದದ್ದು ತೋರ್ಸು. ಒಬ್ಬ! ತೋರ್ಸಿದ್ರ ಈ ಡಬ್ಬೀನೂ ಇರ್ಲಿ, ನೀನೂ ಇರು.”

ಈ ಮಾತು ಕೇಳಿಸಿಕೊಂಡವನು ದಾವಲಸಾಬ. ಕೇಬಲ್ ಎಳೆಯಲು ಕಂಬ ಹತ್ತುವವನು, ಮೌನೇಶನಿಗೆ ಜೀವದ ಗೆಳೆಯ, ಊರಿಗೆ ಮಿಮಿಕ್ರಿಯವನು. ಕಂಬದ ಮೇಲಿಂದಲೇ ಮಾಸ್ತರರ ದನಿಯಲ್ಲಿ ಹಾಜರಿ ಕೂಗಿ, ಕೆಳಗೆ ಹೋಗುತ್ತಿದ್ದವರಿಂದ “ಬಂದೇನ್ರಿ ಸರ್” ಎನ್ನಿಸಿದವನು. ಸಾಹುಕಾರರು ಹೊರಗೆ ಹೋದದ್ದೇ ತಡ, ಅವನು ಇಲ್ಲದ ನಶ್ಯ ಏರಿಸಿದ.

“ಒಬ್ಬ ಮನಷ್ಯಾನ್ನ ತೋರ್ಸಲೇ ಮೌನೇಶಾ! ಹಾಕ್ಷೀ! ಒಬ್ಬ!”

ಸೀನು ಎಷ್ಟು ಸೊಗಸಾಗಿತ್ತೆಂದರೆ ಬಾಗಿಲಲ್ಲಿ ಮರಳಿ ಬಂದು ನಿಂತಿದ್ದ ಸಾಹುಕಾರರೇ “ದೇವ್ರು ಒಳ್ಳೇದು ಮಾಡ್ಲಿ” ಅಂದರು. ಛತ್ರಿ ಮರೆತಿದ್ದರು, ತೆಗೆದುಕೊಂಡು ಹೋದರು.

ದಾವಲಸಾಬನ ಉಪಾಯ ಹೀಗಿತ್ತು. ಬೇರೆ ಸಾಲು ಓದಿ ಯಾರೂ ಏಳುವುದಿಲ್ಲ. ನಿಧನದ ಸುದ್ದಿ ಓದಿದರೆ ಏಳಲೇಬೇಕು.

“ನಿಂದs ಹಾಕು, ಯಣ್ಣಾ. ಇಡೀ ಊರಿನ ಬೋರ್ಡ್ ಬರದೀ. ಸತ್ತೀ ಅಂದ್ರ ಯಾರು ಬರಾಂಗಿಲ್ಲ? ಮುಂಜಾನೆ ಹಾಕೂಣು, ಮಧ್ಯಾಹ್ನದೊಳಗ ನಿನ್ನ ಅಂಗಳ ತುಂಬಿರ್ತೈತಿ. ಸಾಹುಕಾರ್ನ ಕೈ ಹಿಡದು ಕರಕೊಂಡು ಬಂದು ತೋರಸ್ತೇನಿ.”

“ಬದುಕಿದ್ದವ ಸತ್ತೇನಂತ ಸುಳ್ಳ ಬರದ್ರ ಮಂದಿ ಒದ್ಯಾಂಗಿಲ್ಲನು?”

“ಅದಕ್ಕs ಹೋಳಿ ಓಕಳಿ ದಿನ ಹಾಕೂಣು. ಆವತ್ತು ಏನಂದ್ರೂ ಮಾಫಿ.”

ಬುದ್ಧಿವಂತಿಕೆ ಎಂದರೆ ಇದು ಎಂದು ನನಗೂ ಅನ್ನಿಸಿತು. ಎಂಟು ವರ್ಷ ಆ ಊರಿನ ಓಕಳಿಯ ಮೇಲೆ ಅಕ್ಷರ ಹಾಕಿದವನು ನಾನು. ಹಿಂದಿನ ವರ್ಷ ಓಕಳಿಯ ಮೆರವಣಿಗೆಗೆ ತಾನೇ ಹೆಗಲು ಕೊಟ್ಟವನು ದಾವಲಸಾಬ. ಆದರೂ ಆ ಸಂಜೆ ಏನಾಗುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮೌನೇಶ ತನ್ನ ಸಾವನ್ನು ಎರಡು ದಿನ ಕೂತು ಬರೆದ. ಅಷ್ಟು ಚಂದದ ಸಾಲನ್ನು ನಾವಿಬ್ಬರೂ ಯಾವ ಮದುವೆಗೂ ಮಾಡಿರಲಿಲ್ಲ. ‘ಬೋರ್ಡ್ ಬರೆಯುವ ಮೌನೇಶಪ್ಪ ಈರಪ್ಪ ಬಡಿಗೇರ ನಿಧನ.’ ಇಷ್ಟು ಸಾಕು ಎಂದ ದಾವಲಸಾಬ. ಮೌನೇಶ ಒಪ್ಪಲಿಲ್ಲ. “ಹೊತ್ತು ಹಾಕದಿದ್ರ ನಿಧನದ ಸುದ್ದಿ ಪೂರಾ ಆಗೂದಿಲ್ಲಲೇ. ಕಸಬು ಅಂದ್ರ ಕಸಬು.” ಹಾಗೆಂದು ಮುಂದೆ ಸೇರಿಸಿದ: ‘ಅಂತ್ಯಕ್ರಿಯೆ ಇಂದು ಸಂಜೆ ೫ ಗಂಟೆಗೆ.’ ಒಂದು ಕಣ್ಣು ಮುಚ್ಚಿದ, ಹಿಂದೆ ಸರಿದ, ತಲೆ ತಾಗಿಸಿಕೊಂಡ. ತೃಪ್ತನಾದ.

ಓಕಳಿಯ ಬೆಳಿಗ್ಗೆ ಎಂಟಕ್ಕೆ ನಾನು ಆ ಸಾಲನ್ನು ಓಡಿಸತೊಡಗಿದೆ. ಮೇಲೆ ಹಳೆಯ ಸಿನೆಮಾದ ಕುಣಿತ, ಕೆಳಗೆ ಮೌನೇಶನ ಮರಣ. ಎರಡು ನಿಮಿಷಕ್ಕೊಮ್ಮೆ ಸತ್ತ. ಒಂಬತ್ತಾಯಿತು, ಹನ್ನೊಂದಾಯಿತು, ಒಂದಾಯಿತು. ಹತ್ತು ಸಲ ದಾವಲಸಾಬ ಮೌನೇಶನ ಓಣಿಯವರೆಗೆ ಹೋಗಿ ಬಂದ. ಯಾರ ದನಿಯನ್ನೂ ಮಾಡಲಿಲ್ಲ. ಅಂಗಳ ಖಾಲಿಯಿತ್ತು.

ನಾಲ್ಕಕ್ಕೆ ಮೌನೇಶನೇ ಮೆಟ್ಟಿಲು ಹತ್ತಿ ಬಂದ. ಬೆಳಿಗ್ಗೆಯಿಂದ ಬಾಗಿಲ ಹಿಂದೆ ಕೂತು ಕೂತು ಬೆನ್ನು ಬಗ್ಗಿತ್ತು.

“ಒಲಿ ಹಚ್ಚಿಲ್ಲೋ ದಾವಲಾ. ಸತ್ತ ಮನ್ಯಾಗ ಒಲಿ ಹಚ್ಚಿದ್ರ ಮಂದಿಗೆ ಗೊತ್ತಾಕ್ಕೈತಿ ಅಂತ ಕಾಳಮ್ಮ ಮುಂಜಾನಿಂದ ಉಪವಾಸ ಕೂತಾಳ. ಪಡಸಾಲ್ಯಾಗ ಜಮಖಾನಿ ಹಾಸ್ಯಾಳ.”

“ಯಾರರ ಬಂದಿದ್ರನು?”

“ಒಂದು ನಾಯಿ ಬಂದಿತ್ತು. ಅದೂ ಕುಂಡ್ರಲಿಲ್ಲ.”

ಸಾಹುಕಾರರು ಒಳಗೆ ಬಂದರು. ಅವರಿಗೆ ಎಲ್ಲ ಗೊತ್ತಾಗಿತ್ತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನೋಡಿದಿ? ನೀ ಸತ್ತೀ ಅಂತ ಹೇಳಿದ್ರೂ ಒಬ್ಬ ಎದ್ದು ಬರ್ಲಿಲ್ಲ. ನಾ ಹೇಳಿದ್ದು ಸುಳ್ಳನು? ಹೋಗು, ಮನೀಗೆ ಹೋಗಿ ಉಣ್ಣು. ನಾಳಿಂದ ಬರೂದು ಬ್ಯಾಡ.”

ಮೌನೇಶ ನನ್ನೆದುರು ಕೂತ. ತನ್ನ ಮೂರು ಫ್ಲಾಪಿಗಳನ್ನು ಮೇಜಿನಿಂದ ತೆಗೆದು ಧೋತರದ ಚುಂಗಿನಿಂದ ಒರೆಸಿದ. ಆ ಸಾಲನ್ನಾದರೂ ತೆಗೆಯುತ್ತೇನೆ ಎಂದು ಕೈ ಚಾಚಿದ. “ಇರ್ಲಿ ಬಿಡು,” ಅಂದರು ಸಾಹುಕಾರರು, “ಆರಕ್ಕ ಹೆಂಗೂ ಬಂದ್ ಮಾಡ್ತೇವಿ.” ಇನ್ನೆರಡು ನಿಮಿಷಕ್ಕೆ ಅವನು ಮತ್ತೊಮ್ಮೆ ಸತ್ತ. ನಾನು ಆಜ್ಞೆ ಪಾಲಿಸುವವನು, ಓಡಿಸಿದೆ.

ಐದಕ್ಕೆ ದೂರದಲ್ಲಿ ಹಲಗೆ ಬಾರಿಸುವ ಸದ್ದು ಕೇಳಿತು. ಆಮೇಲೆ ಹತ್ತಿರದಲ್ಲಿ. ಆಮೇಲೆ ಮೆಟ್ಟಿಲಿನ ಮೇಲೆ. ಬಾಗಿಲು ತಳ್ಳಿಕೊಂಡು ಬಣ್ಣ ಮೆತ್ತಿದ ಮುಖಗಳು ನುಗ್ಗಿದವು. ಮುಂದೆ ಹತ್ತಿ ಮಾರುಕಟ್ಟೆಯ ಹಮಾಲ ಫಕ್ಕೀರಪ್ಪ, ಹಿಂದೆ ಐವತ್ತು ಜನ, ಕೆಳಗೆ ಬೀದಿಯಲ್ಲಿ ಅದರ ಹತ್ತರಷ್ಟು.

“ಹೆಣ ಎಲ್ಲಿ ಐತ್ರೋ? ಮನ್ಯಾಗ ಕೇಳಿದ್ರ ಹೆಣ ಕೇಬಲ್ ಆಫೀಸಿಗೆ ಹೋಗೈತಿ ಅಂತಾಳ ಕಾಳಮ್ಮ!”

ಆ ಕಡೆಯ ಪದ್ಧತಿ ತಿಳಿಯದವರಿಗೆ ಹೇಳುತ್ತೇನೆ. ಓಕಳಿಯ ಸಂಜೆ ಬದುಕಿದ್ದವನೊಬ್ಬನನ್ನು ಚಟ್ಟದ ಮೇಲೆ ಮಲಗಿಸಿ, ಹಲಗೆ ಬಾರಿಸುತ್ತ, ಬಾಯಿ ಬಾಯಿ ಬಡಿದುಕೊಳ್ಳುತ್ತ ಊರ ತುಂಬ ಹೊತ್ತು ತಿರುಗುತ್ತಾರೆ. ಹೆಣವಾದವನು ನಗಬಾರದು, ನಗಿಸಲು ಊರೇ ಟೊಂಕ ಕಟ್ಟುತ್ತದೆ. ಪ್ರತಿ ವರ್ಷ ಹೆಣವಾಗಲು ಒಬ್ಬನನ್ನು ಗೋಗರೆಯಬೇಕಿತ್ತು. ಆ ವರ್ಷ ಒಬ್ಬ ತಾನಾಗಿ ಟಿವಿಯಲ್ಲಿ ಹೇಳಿಕಳಿಸಿದ್ದ, ಹೊತ್ತನ್ನೂ ಕೊಟ್ಟಿದ್ದ.

“ಮುಂಜಾನೆ ಯಾಕ ಒಬ್ರೂ ಬರ್ಲಿಲ್ಲೋ?” ದಾವಲಸಾಬ ಅಳುವ ದನಿಯಲ್ಲಿ ಕೇಳಿದ. ಅದು ಅವನದೇ ದನಿ.

“ಐದಕ್ಕ ಅಂತ ನೀವs ಬರದಿದ್ರಲ್ಲೋ ಮಾರಾಯ! ಮುಂಜಾನಿಂದ ಚಟ್ಟ ಕಟ್ಟಾಕತ್ತಿದ್ವಿ.”

ಎಲ್ಲರೂ ಓದಿದ್ದರು. ಸಾಲಿನ ಕೊನೆಯ ಅಂಕಿಯವರೆಗೆ ಓದಿದ್ದರು. ಮೌನೇಶ ಕುರ್ಚಿಯಿಂದ ಎದ್ದ. ಎಂಟು ವರ್ಷದಲ್ಲಿ ನಾನು ಆ ಮುಖ ನೋಡಿರಲಿಲ್ಲ. ಬೆಳಗಾವಿಯ ಹುಡುಗಿಯ ಮುಖ ಅರಳಿದ ಹಾಗೆ ಅರಳಿತ್ತು. ದಾವಲಸಾಬ ಸಾಹುಕಾರರ ಕಡೆ ತಿರುಗಿದ.

“ಒಬ್ಬನ್ನ ತೋರ್ಸು ಅಂದಿದ್ರಿ. ಎಣಸ್ರಿ ಈಗ!”

ಸಾಹುಕಾರರು ಎಣಿಸಲಿಲ್ಲ. ಫಕ್ಕೀರಪ್ಪನನ್ನು ಕರೆದರು.

“ಫಕ್ಕೀರಪ್ಪಾ, ಓದಿದಿ ಹೌದಿಲ್ಲೋ? ಅಕ್ಷರ ಹೆಂಗಿದ್ವು?”

“ಅಕ್ಷರಾ? ಅಕ್ಷರ ಅಕ್ಷರದಂಗ ಇದ್ವು. ಯಾಕ್ರಿ?”

“ಇಕಾ, ಈ ಹೊಸಾ ಮಿಷನ್ ಬರದಿದ್ರ?”

“ಯಾವುದು ಬರದ್ರೇನ್ರಿ ಸಾಹುಕಾರ್ರ? ಹೆಣ ಇವನs ಅಲ್ಲನು?”

ಕೋಣೆಯೆಲ್ಲ ಗೊಳ್ಳೆಂದಿತು. ಫಕ್ಕೀರಪ್ಪನಿಗೆ ತಾನು ಏನು ಹೇಳಿದೆ ಎಂದು ಗೊತ್ತಿರಲಿಲ್ಲ. ಸಾಹುಕಾರರು ಮೂಗಿಗೆ ನಶ್ಯ ಏರಿಸಿದರು. ಮೌನೇಶನ ಮುಖದಲ್ಲಿ ಅರಳಿದ್ದು ಹಾಗೇ ನಿಂತಿತು, ಕರೆಂಟು ಹೋದ ಮೇಲೂ ಒಂದು ಕ್ಷಣ ಟಿವಿಯ ನಡುವೆ ಉಳಿಯುವ ಚುಕ್ಕೆಯ ಹಾಗೆ. ಜನ ಅವನನ್ನು ಎತ್ತಿಕೊಂಡು ಇಳಿದು ಹೋದರು. ಫ್ಲಾಪಿಗಳು ಕೆಳಗೆ ಬಿದ್ದವು. ಒಂದರ ಮೇಲೆ ಯಾರೋ ಕಾಲಿಟ್ಟರು.

ನನ್ನ ಮುಂದಿನ ಬದುಕು ಹೆಚ್ಚಿಲ್ಲ. ಮರುದಿನ ನನ್ನ ವೈರು ಕಿತ್ತರು. ಆರು ವರ್ಷ ಸ್ಟುಡಿಯೋದ ಅಟ್ಟ, ಆಮೇಲೆ ಈ ಗುಜರಿ ಅಂಗಡಿ. ಹತ್ತಿರದಲ್ಲಿ ಒಂದು ಹೊಲಿಗೆ ಯಂತ್ರದ ಅಸ್ಥಿಪಂಜರವಿದೆ, ಮಾತಾಡುವುದಿಲ್ಲ. ಹಳೆಯ ಕೇಬಲ್ ತೂಕಕ್ಕೆ ಹಾಕಲು ಬಂದ ದಾವಲಸಾಬ ಒಮ್ಮೆ ಅಂಗಡಿಯವನೊಂದಿಗೆ ಮಾತಾಡುತ್ತ ಕೂತಿದ್ದ. ಹಾಗಾಗಿ ಗೊತ್ತಾಯಿತು, ಮೌನೇಶ ಆಮೇಲೆ ಏನನ್ನೂ ಬರೆಯಲಿಲ್ಲ, ಹತ್ತಿ ಗಿರಣಿಯೊಂದರ ಬಾಗಿಲು ಕಾಯುತ್ತಿದ್ದ. ಒಂದು ಶ್ರಾವಣದಲ್ಲಿ ನಿಜವಾಗಿ ಸತ್ತ. ಆ ಹೊತ್ತಿಗೆ ಮನೆ ಮನೆಯ ಮೇಲೆ ಡಿಶ್ ಕೂತು ಊರಿನ ಕೇಬಲ್ಲೇ ಮುಚ್ಚಿತ್ತು, ಸುದ್ದಿ ಎಲ್ಲೂ ಓಡಲಿಲ್ಲ. ನಾಲ್ಕು ಜನ ಹೊರಲು ಬೇಕಲ್ಲ, ಅಷ್ಟೇ ಜನ ಬಂದಿದ್ದರಂತೆ. ದಾವಲಸಾಬ ಅದನ್ನು ಯಾರ ದನಿಯಲ್ಲೂ ಹೇಳಲಿಲ್ಲ. ಅವನು ನನ್ನನ್ನು ನೋಡಿದ, ಗುರುತು ಹಿಡಿಯಲಿಲ್ಲ.

ಅಕ್ಷರ ಅಮರ ಎನ್ನುತ್ತಾರೆ. ಬರೆದ ಕೈಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಬರೆಸಿಕೊಂಡ ಪರದೆಯನ್ನಂತೂ ಕೇಳಬೇಡಿ. ಇದನ್ನು ತಿಳಿಯಲು ನನಗೆ ಸಮುದ್ರ ದಾಟಿ ಬರಬೇಕಾಯಿತು.

ಆದರೆ ನನ್ನೊಳಗೆ ಹಾದುಹೋದ ಕೊನೆಯ ಚಿತ್ರವನ್ನು ಹೇಳದೆ ಮುಗಿಸಲಾರೆ. ಆ ಸಂಜೆ, ಪ್ರತಿ ಓಕಳಿಯ ಹಾಗೆ, ಸ್ಟುಡಿಯೋದ ಮಾಳಿಗೆಯ ಮೇಲೆ ಇಟ್ಟ ಕ್ಯಾಮೆರಾ ಮೆರವಣಿಗೆಯನ್ನು ಕೇಬಲ್ಲಿನಲ್ಲಿ ತೋರಿಸತೊಡಗಿತ್ತು. ಬಜಾರು ನನ್ನೊಳಗೆ ಬಂತು. ಹಸಿ ಬಿದಿರಿನ ಚಟ್ಟ, ಅದರ ಮೇಲೆ ಮೌನೇಶ, ಕೊರಳಲ್ಲಿ ಈರುಳ್ಳಿಯ ಹಾರ. ಕಣ್ಣು ಮುಚ್ಚಿದ್ದ. ನಿಜಕ್ಕೂ ಹೆಣವೇ ಇರಬೇಕು ಅನ್ನಿಸುವಷ್ಟು ಅಲುಗದೆ ಮಲಗಿದ್ದ. ಅವನ ಸಾಲು, ಎಡಕ್ಕೆ ತೆಳು ನೆರಳಿನ ಅವನ ಅಕ್ಷರಗಳು, ಅವನದೇ ಎದೆಯ ಮೇಲೆ ಹಾದು ಹೋಗುತ್ತಿದ್ದವು. ದಾರಿಯ ಎರಡೂ ಬದಿ ಅಂಗಡಿಗಳ ಪ್ಲಾಸ್ಟಿಕ್ ಬ್ಯಾನರು. ಅವುಗಳ ಕೆಳಗೆ ನಿಂತ ಅಂಗಡಿಕಾರರು ಎದೆ ಬಡಿದುಕೊಂಡು ಅಣಕದ ಅಳು ತೆಗೆದರು.

“ಎದ್ದೇಳೋ ಮೌನೇಶಾ! ನಿನ್ನ ಬಿಟ್ರ ನಮ್ಮ ಅಂಗಡಿ ಬೋರ್ಡ್ ಬರಿಯೋರು ಇನ್ನ್ಯಾರೋ!”

ಅವನು ಕಣ್ಣು ತೆರೆದ. ಮೇಲಿನ ಬ್ಯಾನರುಗಳನ್ನು ಒಂದೊಂದಾಗಿ ನೋಡಿದ. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಭುಜ, ಆಮೇಲೆ ಚಟ್ಟವೇ ಅಲುಗಿತು. “ಏ, ಹೆಣ ನಗಬಾರ್ದಲೇ!” ಎಂದು ಫಕ್ಕೀರಪ್ಪ ಗದರಿದ. ಬೀದಿಯೆಲ್ಲ ನಕ್ಕಿತು, ಮಾಳಿಗೆಗಳು ನಕ್ಕವು, ನನ್ನ ಹಿಂದೆ ನಿಂತು ನೋಡುತ್ತಿದ್ದ ಸಾಹುಕಾರರೂ ನಕ್ಕರು. ಹಲಗೆಯವರು ನಗು ತಡೆಯಲಾರದೆ ಬಾರಿಸುವುದನ್ನೇ ನಿಲ್ಲಿಸಿದರು. ಆ ಎಲ್ಲರ ನಗುವಿನ ಮೇಲೆ, ಕಣ್ಣಿನಿಂದ ಬಣ್ಣದ ನೀರು ಎರಡೂ ಕಿವಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಎಲ್ಲರಿಗಿಂತ ಜೋರಾಗಿ, ಹೆಣ ನಗುತ್ತಿತ್ತು.